ಅದಬ್ (ಶಿಷ್ಟಾಚಾರ) ಎಲ್ಲ ಬಾಯಿಪಾಠ, ಅಖ್ಲಾಕ್ (ಒಳ್ಳೆಯ ನಡತೆ) ಮಾತ್ರ ಕಾಣ್ತಿಲ್ಲ: ಮದ್ರಸಕ್ಕೆ ಮಕ್ಕಳನ್ನು ಕಳಿಸುವವರು ಏನಂತೀರಿ?

ಶಿವಮೊಗ್ಗದ_ಅಮ್ಮಿ:
ಅಸ್ಸಲಾಮು ಅಲೈಕುಮ್, ಎಲ್ಲರಿಗೂ ನಮಸ್ಕಾರ. ಮಗನಿಗೆ 9 ವರ್ಷ. ಮದ್ರಸದಲ್ಲಿ ಈ ವರ್ಷ ಅಖ್ಲಾಕ್‌ಗೆ ಅಂತಲೇ ಬೇರೆ ಪುಸ್ತಕ. ಊಟಕ್ಕೆ ಮುಂಚೆ ಬಿಸ್ಮಿಲ್ಲಾಹ್, ಬಲಗೈಯಲ್ಲಿ ತಿನ್ನಬೇಕು, ನೀರು ಕೂತು ಕುಡಿಯಬೇಕು, ಮಸೀದಿಗೆ ಬಲಗಾಲು ಮುಂದೆ, ಬಚ್ಚಲಿಗೆ ಎಡಗಾಲು ಮುಂದೆ, ಸೀನಿದರೆ ಏನನ್ನಬೇಕು, ಕೇಳಿಸಿಕೊಂಡವರು ಏನನ್ನಬೇಕು, ಎಲ್ಲ ದುಆ (ಪ್ರಾರ್ಥನೆ) ಸಮೇತ ಗಡಗಡ ಒಪ್ಪಿಸುತ್ತಾನೆ. ಪರೀಕ್ಷೆಯಲ್ಲಿ 50ಕ್ಕೆ 49.

ಮೊನ್ನೆ ಮನೆಕೆಲಸಕ್ಕೆ ಬರುವ ಅಕ್ಕ ಕಸ ಗುಡಿಸುವಾಗ ಇವನ ಬ್ಯಾಟ್ ಎತ್ತಿ ಮೂಲೆಗಿಟ್ಟರು. ಅವರಿಗೆ ನಮ್ಮತ್ತೆಯಷ್ಟು ವಯಸ್ಸು. "ಏಯ್, ನಿಂಗ್ಯಾರು ಮುಟ್ಟು ಅಂದಿದ್ದು?" ಅಂದುಬಿಟ್ಟ. ಕಿವಿ ಹಿಂಡಿ, ಮದ್ರಸದಲ್ಲಿ ಇದೇನಾ ಕಲಿತಿದ್ದು ಅಂತ ಕೇಳಿದರೆ "ಅದು ಪುಸ್ತಕದಲ್ಲಿಲ್ಲ" ಅಂತಾನೆ. ತೆಗೆದು ನೋಡಿದೆ. ನಿಜಕ್ಕೂ ಇಲ್ಲ.

ಉಸ್ತಾದರನ್ನು (ಮದ್ರಸದ ಗುರುಗಳನ್ನು) ದೂರುವುದಕ್ಕೆ ಬರೆಯುತ್ತಿಲ್ಲ. ಇಸ್ಲಾಮಿನಲ್ಲಿ ಒಳ್ಳೆಯ ನಡತೆ ಅಂದರೆ ಈ ಪಟ್ಟಿಯೇನಾ? ಪಟ್ಟಿ ಕಲಿತರೆ ಗುಣ ತಾನಾಗಿ ಬರುತ್ತದೆ ಅಂತ ಅತ್ತೆ ಹೇಳ್ತಾರೆ. ನನಗೆ ನಂಬಿಕೆ ಬರುತ್ತಿಲ್ಲ.

ದಮ್ಮಾಮ್_ಕನ್ನಡಿಗ:
ಪುಸ್ತಕದಲ್ಲಿಲ್ಲ ಅಂದನಾ? ಹುಡುಗ ವಕೀಲ ಆಗ್ತಾನೆ ಬಿಡಿ ಮೇಡಂ 😄

ಬಂದರಿನ_ಬ್ಯಾರಿ:
ಪಟ್ಟಿಯನ್ನು ಅಷ್ಟು ಹಗುರವಾಗಿ ನೋಡಬೇಡಿ ಮಾರಾಯ್ರೆ. ಪ್ರವಾದಿ(ಸ)ಯವರೇ ಮಕ್ಕಳಿಗೆ ಅದನ್ನು ಕಲಿಸಿದ್ದುಂಟು. ಉಮರ್ ಬಿನ್ ಅಬೀ ಸಲಮಾ ಅಂತ ಅವರ ಮನೆಯಲ್ಲೇ ಬೆಳೆದ ಹುಡುಗ. ಊಟಕ್ಕೆ ಕೂತರೆ ಅವನ ಕೈ ತಟ್ಟೆ ಇಡೀ ಓಡಾಡುತ್ತಿತ್ತಂತೆ. "ಮಗೂ, ಬಿಸ್ಮಿಲ್ಲಾಹ್ ಹೇಳು, ಬಲಗೈಯಲ್ಲಿ ತಿನ್ನು, ನಿನ್ನ ಹತ್ತಿರ ಇರುವುದನ್ನು ತಿನ್ನು" ಅಂದರು. ಬುಖಾರಿ, ಮುಸ್ಲಿಂ ಎರಡೂ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಸಂಗ್ರಹಗಳಲ್ಲಿ ಉಂಟು. ದೊಡ್ಡವನಾದ ಮೇಲೂ ನನ್ನ ಊಟ ಹಾಗೆಯೇ ಅಂತ ಅವರೇ ಹೇಳಿದ್ದಾರೆ. ಸಣ್ಣದರಿಂದಲೇ ಅಲ್ವಾ ಶುರು ಆಗುದು?

ಶಿವಮೊಗ್ಗದ_ಅಮ್ಮಿ:
@ಬಂದರಿನ_ಬ್ಯಾರಿ ಶುರು ಅಲ್ಲಿಂದ ಸರಿ. ಅಲ್ಲಿಗೇ ಮುಗಿಯುತ್ತಿದೆಯಲ್ಲ, ನನ್ನ ತಕರಾರು ಅದು.

ಅರಬಿ_ಮೇಷ್ಟ್ರು:
ಅಮ್ಮಿಯವರ ಪ್ರಶ್ನೆಗೆ ಇಮಾಮ್ ಬುಖಾರಿಯವರ ಹತ್ತಿರವೇ ಉತ್ತರ ಇದೆ. ಅವರ ಹದೀಸ್ ಸಂಗ್ರಹ 'ಸಹೀಹ್' ಅಲ್ಲದೆ, ನಡತೆಗೆಂದೇ ಅವರು ಮಾಡಿದ ಪ್ರತ್ಯೇಕ ಸಂಗ್ರಹ 'ಅಲ್ ಅದಬುಲ್ ಮುಫ್ರದ್'. 1300ಕ್ಕೂ ಹೆಚ್ಚು ವರದಿಗಳಿವೆ. ಅದರ ಅನುಕ್ರಮ ನೋಡಿ: ಮೊದಲು ತಂದೆತಾಯಿ, ಆಮೇಲೆ ಬಂಧುಗಳು, ಹೆಣ್ಣುಮಕ್ಕಳು, ನೆರೆಯವರು, ಅನಾಥರು, ಮನೆಯ ಆಳುಗಳು. ಸೀನು, ಆಕಳಿಕೆ, ಸಲಾಮಿನ ಕ್ರಮ ಎಲ್ಲ ಬಹಳ ಹಿಂದೆ, ನೂರಾರು ವರದಿಗಳು ಕಳೆದ ಮೇಲೆ. ನಮ್ಮ ಪಠ್ಯಪುಸ್ತಕಗಳು ಅದನ್ನು ತಲೆಕೆಳಗೆ ಮಾಡಿವೆ. ಪರೀಕ್ಷೆಗೆ ಅಂಕ ಹಾಕಲು ಸೀನು ಸುಲಭ, ಅದಕ್ಕೆ.

ಆಳುಗಳ ವಿಷಯಕ್ಕೇ ಬಂದರೆ ಮಗನಿಗೆ ಪ್ರವಾದಿಯವರ ಸಂಗಾತಿ (ಸಹಾಬಿ) ಅಬೂ ದರ್ರ್(ರ) ಕತೆ ಹೇಳಿ. ಮಅ್ರೂರ್ ಎಂಬವರು ರಬದಾ ಎಂಬಲ್ಲಿ ಅವರನ್ನು ನೋಡುತ್ತಾರೆ. ಯಜಮಾನನ ಮೈಮೇಲೆ ಎಂಥ ಬಟ್ಟೆಯೋ ಗುಲಾಮನ ಮೈಮೇಲೂ ಅಂಥದೇ. ಯಾಕೆ ಅಂತ ಕೇಳಿದರೆ ಅಬೂ ದರ್ರ್ ಹಳೆಯದೊಂದು ಜಗಳ ನೆನಪಿಸಿಕೊಳ್ಳುತ್ತಾರೆ. ಯಾರನ್ನೋ ಅವನ ತಾಯಿಯ ಹೆಸರೆತ್ತಿ ಹಂಗಿಸಿದ್ದರು. ಪ್ರವಾದಿಯವರು "ನಿನ್ನಲ್ಲಿ ಇನ್ನೂ ಜಾಹಿಲಿಯ್ಯತ್ (ಇಸ್ಲಾಮಿಗೆ ಮುಂಚಿನ ಅಜ್ಞಾನ) ಉಳಿದಿದೆ" ಅಂದರು. "ನಿಮ್ಮ ಆಳುಗಳು ನಿಮ್ಮ ಸಹೋದರರು, ಅಲ್ಲಾಹನು ಅವರನ್ನು ನಿಮ್ಮ ಕೈಕೆಳಗೆ ಇಟ್ಟಿದ್ದಾನೆ. ನೀವು ತಿನ್ನುವುದನ್ನೇ ತಿನ್ನಿಸಿ, ಉಡುವುದನ್ನೇ ಉಡಿಸಿ, ಶಕ್ತಿ ಮೀರಿದ ಕೆಲಸ ಹೇಳಬೇಡಿ, ಹೇಳಿದರೆ ನೀವೂ ಕೈಜೋಡಿಸಿ." ನಮಾಜು ಉಪವಾಸ ಎಲ್ಲ ಇದ್ದ ಸಹಾಬಿಗೆ ಹೇಳಿದ ಮಾತು ಇದು.

ತರ್ಕದವ:
ಕೇಳಲು ಚೆಂದ ಇದೆ ಮೇಷ್ಟ್ರೇ. ಆದರೆ ಬಟ್ಟೆ ಒಂದೇ ಆದರೂ ಒಬ್ಬ ಯಜಮಾನ, ಇನ್ನೊಬ್ಬ ಗುಲಾಮನೇ ತಾನೇ? ಸಹೋದರ ಅಂದಮೇಲೆ ಬಿಟ್ಟುಬಿಡಬೇಕಿತ್ತಲ್ಲ? ಒಳ್ಳೆಯ ನಡತೆಯ ಹೆಸರಲ್ಲಿ ಕೆಟ್ಟ ವ್ಯವಸ್ಥೆಗೆ ಹೊಳಪು ಕೊಟ್ಟ ಹಾಗಾಯಿತು.

ಬಂದರಿನ_ಬ್ಯಾರಿ:
ಬಂದ್ರು ನೋಡಿ.

ಅರಬಿ_ಮೇಷ್ಟ್ರು:
@ಬಂದರಿನ_ಬ್ಯಾರಿ ಬರಲಿ ಬಿಡಿ, ಪ್ರಶ್ನೆ ನ್ಯಾಯವಾಗಿದೆ. @ತರ್ಕದವ, ಬಿಡುಗಡೆ ಮಾಡಿಸುವ ದಾರಿಗಳಿದ್ದವು. ಕೈತಪ್ಪಿ ಕೊಲೆ ಆದರೆ ಪ್ರಾಯಶ್ಚಿತ್ತವೇ ಗುಲಾಮನ ಬಿಡುಗಡೆ, ಆಣೆ ಮುರಿದರೆ ಪ್ರಾಯಶ್ಚಿತ್ತದ ದಾರಿಗಳಲ್ಲಿ ಅದೂ ಒಂದು. 'ಅಲ್ ಬಲದ್' ಸೂರಾದಲ್ಲಿ ಏರಲು ಕಷ್ಟವಾದ ಕಣಿವೆದಾರಿ ಯಾವುದು ಅಂತ ಕೇಳಿ, ಕೊರಳು ಬಿಡಿಸುವುದು ಅಂತ ಉತ್ತರ ಇದೆ. ಮುಕರ್ರಿನ್ ಮನೆತನದ 7 ಜನ ಅಣ್ಣತಮ್ಮಂದಿರಿಗೆ ಇದ್ದದ್ದು ಒಬ್ಬಳೇ ದಾಸಿ. ಕಿರಿಯವನು ಅವಳ ಕೆನ್ನೆಗೆ ಹೊಡೆದ. ಅವಳನ್ನು ಬಿಟ್ಟುಬಿಡಿ ಅಂತ ಪ್ರವಾದಿಯವರು ಆಜ್ಞೆ ಮಾಡಿದರು. ಒಂದು ಏಟಿನ ಬೆಲೆ ಅದು. ಇಷ್ಟಾದರೂ ಗುಲಾಮಗಿರಿ ಮುಸ್ಲಿಂ ರಾಜ್ಯಗಳಲ್ಲಿ ಶತಮಾನಗಟ್ಟಲೆ ನಡೆಯಿತು, ಅದನ್ನು ನಾನು ಮುಚ್ಚಿಡುವುದಿಲ್ಲ. ದಾರಿ ಇತ್ತು, ನಡೆದವರು ಕಡಿಮೆ.

ತರ್ಕದವ:
ಮುಚ್ಚಿಡಲಿಲ್ಲವಲ್ಲ, ಅಷ್ಟು ಸಾಕು. ಪೂರ್ತಿ ಒಪ್ಪಿದೆ ಅಂತಲ್ಲ.

ಬಿಸಿಲೂರು_ಭಾಯ್:
ಎಲ್ಲಾರಿಗೂ ಸಲಾಮ್ ರೀ, ಕಲಬುರಗಿಯಿಂದ. ಅಖ್ಲಾಕ್ ಅಂದ್ರ ನಮ್ಮ ಹಜರತ್ರು ಒಂದೇ ಕತಿ ಹೇಳ್ತಿದ್ರು. ಒಬ್ಬಾಕಿ ಮುದುಕಿ ದಿನಾ ಪ್ರವಾದಿಯವರ ಮ್ಯಾಲ ಕಸ ಚೆಲ್ಲತಿದ್ಲು. ಒಂದಿನ ಕಸ ಬೀಳಲಿಲ್ಲ. ಏನಾಗ್ಯದ ಅಂತ ಮನಿಗಿ ಹೋಗಿ ನೋಡಿದ್ರ ಆಕಿ ಜ್ವರ ಬಂದು ಮಲಗ್ಯಾಳ. ಇವ್ರೇ ಕುಂತು ಆರೈಕಿ ಮಾಡಿದ್ರು. ಇದಕ್ಕಿಂತ ದೊಡ್ಡ ಪಾಠ ಏನದ ಹೇಳ್ರಿ.

ಸನದು_ಎಲ್ಲಿದೆ:
ಈ ಕಥೆಗೆ ಹದೀಸ್ ಗ್ರಂಥಗಳಲ್ಲಿ ಆಧಾರವಿಲ್ಲ. ಮಸೀದಿಯ ಪ್ರವಚನ, ಅಂದರೆ ಎಲ್ಲ ಖುತುಬಾಗಳಲ್ಲೂ ಬರುತ್ತದೆ, ಎಲ್ಲ ವಾಟ್ಸಾಪ್ ಗುಂಪುಗಳಲ್ಲೂ ಓಡುತ್ತದೆ, ಮೂಲ ಮಾತ್ರ ಯಾರೂ ತೋರಿಸುವುದಿಲ್ಲ. ಪ್ರವಾದಿಯವರ ಹೆಸರಲ್ಲಿ ಇಲ್ಲದ್ದನ್ನು ಹೇಳುವುದು ಸಣ್ಣ ವಿಷಯ ಅಲ್ಲ.

ಬಿಸಿಲೂರು_ಭಾಯ್:
ಏನ್ರೀ ಹಿಂಗ ಒಮ್ಮೆಲೆ ಬಾಯಿ ಬಡೀತೀರಿ? ಕತಿ ಇರಲಿಲ್ಲಂದ್ರ ಅವರ ಗುಣಾನೂ ಇರಲಿಲ್ಲೇನು?

ಸನದು_ಎಲ್ಲಿದೆ:
ಗುಣಕ್ಕೆ ಗಟ್ಟಿಯಾದ ಸಾಕ್ಷಿ ಬೇಕಾದಷ್ಟಿದೆ, ಅದನ್ನೇ ಹೇಳಿ ಅನ್ನುವುದು ನನ್ನ ಮಾತು. ಮರುಭೂಮಿಯಿಂದ ಬಂದ ಹಳ್ಳಿಗನೊಬ್ಬ ಮಸೀದಿಯ ಒಳಗೇ ಮೂತ್ರ ಮಾಡಲು ಕೂತ. ಜನ ಮೈಮೇಲೆ ಬೀಳಲು ಹೊರಟರು. ಪ್ರವಾದಿಯವರು ತಡೆದರು, ಅವನು ಮುಗಿಸುವ ತನಕ ಬಿಟ್ಟರು, ಆಮೇಲೆ ಒಂದು ಕೊಡ ನೀರು ಹುಯ್ಯಿಸಿದರು. ಕಷ್ಟ ಮಾಡಲು ಅಲ್ಲ, ಸುಲಭ ಮಾಡಲು ನೀವು ಬಂದಿರುವುದು ಅಂದರು. ಇದು ಬುಖಾರಿಯಲ್ಲಿದೆ. ಇವತ್ತು ಯಾರ ಮಗು ಮಸೀದಿಯಲ್ಲಿ ಅತ್ತರೂ ಸಾಕು, ಮುಂದಿನ ಸಾಲಿನವರು ತಿರುಗಿ ಹೇಗೆ ನೋಡುತ್ತಾರೆ ಗೊತ್ತಲ್ಲ.

ಮನೆಯೊಳಗಿನವಳು:
@ಸನದು_ಎಲ್ಲಿದೆ ನೀವು ಹೇಳಿದ ಹದೀಸ್ ಸರಿ. ಭಾಯ್‌ಗೆ ಹೇಳಿದ ರೀತಿ ಮಾತ್ರ ಆ ಹದೀಸಿನ ಹಾಗೆ ಇರಲಿಲ್ಲ. ಮುಆವಿಯಾ ಬಿನ್ ಹಕಮ್ ಅಂತ ಒಬ್ಬರು ಹೊಸದಾಗಿ ಬಂದವರು, ನಮಾಜಿನ ಮಧ್ಯೆ ಸೀನಿದವರಿಗೆ ಜೋರಾಗಿ ಉತ್ತರ ಕೊಟ್ಟರು. ಸುತ್ತಲಿದ್ದವರೆಲ್ಲ ತೊಡೆ ತಟ್ಟಿ ಸುಮ್ಮನಿರಿಸಿದರು. ನಮಾಜು ಮುಗಿದ ಮೇಲೆ ಪ್ರವಾದಿಯವರು ತಿಳಿಸಿ ಹೇಳಿದರು ಅಷ್ಟೇ. "ಅವರಿಗಿಂತ ಒಳ್ಳೆಯ ಗುರುವನ್ನು ನಾನು ಕಂಡಿಲ್ಲ. ಗದರಲಿಲ್ಲ, ಹೊಡೆಯಲಿಲ್ಲ, ಬೈಯಲಿಲ್ಲ" ಅಂತ ಆಮೇಲೆ ಅವರೇ ಹೇಳಿಕೊಂಡಿದ್ದಾರೆ. ಮುಸ್ಲಿಂನಲ್ಲಿದೆ, ಸನದು (ವರದಿ ಹೇಳಿದವರ ಸರಪಳಿ) ನೀವೇ ನೋಡಿಕೊಳ್ಳಿ.

ಇನ್ನೊಂದು. ಹೊರಗೆ ಬಹಳ ಸಭ್ಯಸ್ಥರು ಇರ್ತಾರೆ, "ಭಾಯ್ ಸಾಬ್ ಎಂಥ ಅಖ್ಲಾಕ್" ಅಂತ ಊರೆಲ್ಲ ಹೊಗಳುತ್ತೆ. ಮನೆಗೆ ಬಂದ ಕೂಡಲೇ ಚಪ್ಪಲಿ ಒಂದು ಕಡೆ, ಅಂಗಿ ಒಂದು ಕಡೆ, ಬಾಯಿ ಇನ್ನೊಂದು ಕಡೆ. ಪ್ರವಾದಿಯವರು ಮನೆಯಲ್ಲಿ ಏನು ಮಾಡುತ್ತಿದ್ದರು ಅಂತ ಅವರ ಪತ್ನಿ ಆಯಿಶಾ(ರ) ಅವರನ್ನು ಕೇಳಿದರೆ, ಮನೆಯವರ ಕೆಲಸದಲ್ಲಿ ಇರುತ್ತಿದ್ದರು, ಬಾಂಗ್ ಆದರೆ ನಮಾಜಿಗೆ ಹೊರಡುತ್ತಿದ್ದರು ಅಂದರು. ಚಪ್ಪಲಿ ಹೊಲಿದುಕೊಳ್ಳುತ್ತಿದ್ದರು ಅಂತಲೂ ವರದಿ ಇದೆ. ಗಡ್ಡದ ಉದ್ದದ ಸುನ್ನತ್ (ಪ್ರವಾದಿಯವರ ನಡೆ) ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಈ ಸುನ್ನತ್ ಬಂದಾಗ ಯಾಕೋ ಫೋನ್ ನೋಡ್ತಾರೆ.

ದಮ್ಮಾಮ್_ಕನ್ನಡಿಗ:
ನಾನು ಇಲ್ಲಿ ಒಬ್ಬನೇ ಇರೋದು, ಚಪ್ಪಲಿ ನಾನೇ ಹೊಲ್ಕೊಳ್ತೀನಿ ಅಕ್ಕಾ 🙏

ಮನೆಯೊಳಗಿನವಳು:
ಊರಿಗೆ ಬಂದಾಗ ಹೇಗೆ ಅಂತ ನಿಮ್ಮ ಮನೆಯವರನ್ನು ಕೇಳ್ತೇನೆ.

ಪಕ್ಕದ್ಮನೆ_ಭಟ್ರು:
ನಾನು ಮುಸ್ಲಿಮನಲ್ಲ, ಓದುತ್ತಾ ಬಂದೆ, ಒಂದು ಮಾತು ಕೇಳಬಹುದಾ? ನಮ್ಮ ಮನೆ ಮಸೀದಿಗೆ ಅಂಟಿಕೊಂಡೇ ಇದೆ. ಜನ ಒಳ್ಳೆಯವರು, ರಂಜಾನಿನಲ್ಲಿ ಹಣ್ಣು ಬರುತ್ತದೆ, ನಾವು ಚೌತಿಗೆ ಚಕ್ಕುಲಿ ಕೊಡುತ್ತೇವೆ. ಶುಕ್ರವಾರ ಮಾತ್ರ 1 ಗಂಟೆಯಿಂದ 2ರ ತನಕ ನಮ್ಮ ಗೇಟಿನ ಎದುರು ಸ್ಕೂಟರುಗಳ ಕೋಟೆ. ಹೋದ ತಿಂಗಳು ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು, ಕಾರು ಹೊರಗೆ ತೆಗೆಯಲಾಗದೆ ಒದ್ದಾಡಿದೆ. ದೇವರ ಕೆಲಸಕ್ಕೆ ಬಂದವರಿಗೆ ಹೇಗೆ ಹೇಳುವುದು ಅಂತ ಸುಮ್ಮನಾದೆ. ನೆರೆಯವನು ಬೇರೆ ಧರ್ಮದವನಾದರೆ ನಿಮ್ಮಲ್ಲಿ ನಿಯಮ ಬೇರೆಯಾ?

ಬಂದರಿನ_ಬ್ಯಾರಿ:
ಭಟ್ರೇ, ಸುಮ್ಮನಾಗಬೇಡಿ, ಶುಕ್ರವಾರ ಪ್ರವಚನ ಮಾಡುವ ಖತೀಬರಿಗೇ ನೇರ ಹೇಳಿ. ನಿಯಮ ಬೇರೆ ಇಲ್ಲವೇ ಇಲ್ಲ. "ಅಲ್ಲಾಹನಾಣೆ, ಅವನು ವಿಶ್ವಾಸಿಯಲ್ಲ" ಅಂತ ಪ್ರವಾದಿಯವರು 3 ಸಲ ಹೇಳಿದರು. ಯಾರು ಅಂತ ಕೇಳಿದಾಗ, ಯಾರ ಕಿರುಕುಳದಿಂದ ಅವನ ನೆರೆಯವನಿಗೆ ನೆಮ್ಮದಿ ಇಲ್ಲವೋ ಅವನು ಅಂದರು. ಆ ನೆರೆಯವನ ಧರ್ಮ ಯಾವುದು ಅಂತ ಹೇಳಲಿಲ್ಲ. ಸಹಾಬಿ ಅಬ್ದುಲ್ಲಾ ಬಿನ್ ಅಮ್ರ್(ರ) ಮನೆಯಲ್ಲಿ ಕುರಿ ಕೊಯ್ದಾಗ ಅವರು ಮತ್ತೆ ಮತ್ತೆ ಕೇಳಿದ್ದು, ನಮ್ಮ ಯಹೂದಿ ನೆರೆಯವರಿಗೆ ಕೊಟ್ಟಿರಾ ಅಂತ.

ದಾರಿಗೆ ಅಡ್ಡ ಇರುವುದನ್ನು ತೆಗೆಯುವುದು ಈಮಾನಿನ (ವಿಶ್ವಾಸದ) ಕೊನೆಯ ಶಾಖೆ ಅಂತ ಹದೀಸ್ ಉಂಟು. ನಾವು ಈಮಾನ್ ಹಿಡಿದುಕೊಂಡೇ ಹೋಗಿ ದಾರಿಗೆ ಅಡ್ಡ ಇಟ್ಟು ಬರುದು.

ಸುಮ್ನೆ_ಓದುಗ:
ಹಾಗಾದ್ರೆ ಗಣಪತಿ ಪೆಂಡಾಲ್ ರಸ್ತೆ ಮಧ್ಯೆ ಹಾಕೋದು? ಅದಕ್ಕೆ ಯಾರೂ ಏನೂ ಅನ್ನಲ್ಲ ಯಾಕೆ?

ಪಕ್ಕದ್ಮನೆ_ಭಟ್ರು:
ಅದೂ ತಪ್ಪೇ. ಅದನ್ನು ನಮ್ಮ ಬೀದಿಯಲ್ಲಿ ಹೇಳಿ ಬೈಸಿಕೊಂಡವನು ನಾನೇ.

ನಿರ್ವಾಹಕ:
ಪೆಂಡಾಲ್, ಮೈಕು, ಪಟಾಕಿಗೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಆ ಜಗಳ ಶುರುವಾದರೆ ಬೀಗ ಹಾಕುತ್ತೇನೆ.

ಅರಬಿ_ಮೇಷ್ಟ್ರು:
ಭಟ್ಟರ ಮಾತಿಗೆ ಸೇರಿಸಬೇಕಾದ್ದು ಇನ್ನೂ ಒಂದಿದೆ. ಒಬ್ಬಾಕೆ ರಾತ್ರಿಯಿಡೀ ನಮಾಜು, ಹಗಲು ಉಪವಾಸ, ದಾನಧರ್ಮ ಎಲ್ಲ ಮಾಡುತ್ತಾಳೆ, ಆದರೆ ನಾಲಗೆಯಿಂದ ನೆರೆಯವರನ್ನು ನೋಯಿಸುತ್ತಾಳೆ ಅಂತ ಪ್ರವಾದಿಯವರಿಗೆ ಹೇಳಿದರು. ಅವಳಲ್ಲಿ ಒಳ್ಳೆಯದಿಲ್ಲ, ಅವಳು ನರಕದವಳು ಅಂದರು. ಇನ್ನೊಬ್ಬಾಕೆ ಕಡ್ಡಾಯ ನಮಾಜಷ್ಟೇ ಮಾಡುತ್ತಾಳೆ, ಒಣಮೊಸರಿನ ತುಂಡುಗಳನ್ನು ದಾನ ಕೊಡುತ್ತಾಳೆ, ಯಾರಿಗೂ ಉಪದ್ರವಿಲ್ಲ. ಅವಳು ಸ್ವರ್ಗದವಳು. ನಾನು ಹೇಳಿದ ಅದೇ ಅದಬುಲ್ ಮುಫ್ರದ್‌ನಲ್ಲಿ ನೆರೆಯವರ ಭಾಗದಲ್ಲಿದೆ ಇದು. 9 ವರ್ಷದ ಮಗುವಿಗೂ ಅರ್ಥವಾಗುತ್ತದೆ, ಪಠ್ಯಕ್ಕೆ ಹಾಕಬಹುದು.

ತರ್ಕದವ:
ಮೂಲ ಪ್ರಶ್ನೆ ಹಾಗೇ ಉಳಿಯಿತು. ಪಟ್ಟಿ ಕಲಿತರೆ ಗುಣ ಬರುತ್ತದಾ ಇಲ್ಲವಾ?

ಅರಬಿ_ಮೇಷ್ಟ್ರು:
ಇಮಾಮ್ ಗಝ್ಝಾಲಿ (1058–1111) ಇದನ್ನು ನೇರವಾಗಿಯೇ ಎತ್ತಿಕೊಂಡಿದ್ದಾರೆ. ಅವರ 'ಇಹ್ಯಾ' ಗ್ರಂಥದಲ್ಲಿ 40 ಭಾಗಗಳಿವೆ, 22ನೆಯದು ಮನಸ್ಸನ್ನು ಪಳಗಿಸುವುದರ ಬಗ್ಗೆ. ಯೋಚನೆ ಮಾಡದೆ, ಒದ್ದಾಡದೆ, ತಾನಾಗಿ ಒಳ್ಳೆಯ ಕೆಲಸ ಹೊರಡುವಂತೆ ಮನಸ್ಸಿನಲ್ಲಿ ನೆಲೆಯೂರಿದ ಸ್ಥಿತಿಗೆ ಅವರು ಗುಣ ಅನ್ನುತ್ತಾರೆ. ಯಾವಾಗಲೋ ಒಮ್ಮೆ ಕೈಬಿಚ್ಚಿ ಕೊಟ್ಟವನು ದಾನಿಯಲ್ಲ. ಅದು ಬರುವುದು ಹೇಗೆ? ಮೊದಲು ಬಲವಂತವಾಗಿ ಮಾಡು, ಮಾಡುತ್ತಾ ಮಾಡುತ್ತಾ ಸ್ವಭಾವವಾಗುತ್ತದೆ. ಸುಂದರ ಕೈಬರಹ ಬೇಕಾದವನು ನುರಿತ ಬರಹಗಾರನ ಅಕ್ಷರವನ್ನು ಶ್ರಮಪಟ್ಟು ತಿದ್ದಬೇಕು, ಕೊನೆಗೆ ಕೈಗೆ ಅದೇ ಬರುತ್ತದೆ, ಇದು ಅವರದೇ ಉದಾಹರಣೆ. ಹಾಗಾಗಿ ಅಮ್ಮಿಯವರ ಅತ್ತೆ ಹೇಳಿದ್ದು ಅರ್ಧ ಸರಿ. ಆದರೆ ಏನನ್ನು ತಿದ್ದಿಸುತ್ತಿದ್ದೇವೆ ಅನ್ನುವುದೂ ಮುಖ್ಯ. ಎಡಗಾಲು ಬಲಗಾಲು ತಿದ್ದಿಸಿದರೆ ಕಾಲು ಕಲಿಯುತ್ತದೆ. ಕೆಲಸದ ಅಕ್ಕನಿಗೆ ದಿನಾ ನೀರು ತಂದುಕೊಡಲು ಹೇಳಿ, ಅದೂ ತಿದ್ದುವುದೇ.

ತರ್ಕದವ:
ಇದು ಅರಿಸ್ಟಾಟಲ್ ಹೇಳಿದ್ದು!

ಅರಬಿ_ಮೇಷ್ಟ್ರು:
ಹೌದು, ಗಝ್ಝಾಲಿಗಿಂತ ಮೊದಲು 1030ರಲ್ಲಿ ತೀರಿಕೊಂಡ ಚಿಂತಕ ಮಿಸ್ಕವೈಹ್ ಗ್ರೀಕರದ್ದನ್ನು ಅರಬಿಯಲ್ಲಿ ಓದಿಯೇ ಬರೆದದ್ದು. ವಿವೇಕ, ಧೈರ್ಯ, ಸಂಯಮ, ನ್ಯಾಯ ಅನ್ನುವ ನಾಲ್ಕು ಮೂಲಗುಣಗಳ ಲೆಕ್ಕವೂ ಅಲ್ಲಿಂದ ಬಂತು. ಅದರಲ್ಲಿ ಮುಜುಗರ ಯಾಕೆ? ನಮ್ಮ ದೇಶದಿಂದಲೂ ಹೋಗಿದೆ. 8ನೇ ಶತಮಾನದ ಇಬ್ನುಲ್ ಮುಕಫ್ಫಅ್ ನಡತೆಯ ಬಗ್ಗೆ ಅರಬಿ ಗದ್ಯದಲ್ಲಿ ಮೊದಲು ಬರೆದವರಲ್ಲಿ ಒಬ್ಬ. ಪಹ್ಲವಿಯಿಂದ ಅವನು ಅರಬಿಗೆ ತಂದ 'ಕಲೀಲಾ ವ ದಿಮ್ನಾ' ಅಂದರೆ ನಮ್ಮ ಪಂಚತಂತ್ರವೇ.

ಸುಮ್ನೆ_ಓದುಗ:
ಅಂದ್ರೆ ಕರಟಕ ದಮನಕ?? ಆ ನರಿಗಳಾ?

ಪಕ್ಕದ್ಮನೆ_ಭಟ್ರು:
ಕನ್ನಡಕ್ಕೆ ದುರ್ಗಸಿಂಹ ಅದನ್ನು ತಂದದ್ದು 1031ರ ಸುಮಾರಿಗೆ. ಅಂದರೆ ಅರಬಿಗೆ ಕನ್ನಡಕ್ಕಿಂತ ಮುಂಚೆಯೇ ಹೋಗಿತ್ತು. ಆದರೆ ದಮನಕನಿಂದ ಎಂಥ ನಡತೆ ಕಲಿಯುವುದು ಮೇಷ್ಟ್ರೇ? ಚಾಡಿ ಹೇಳಿ ಸಿಂಹದ ಕೈಯಲ್ಲಿ ಎತ್ತನ್ನು ಕೊಲ್ಲಿಸಿದವನು, ಸಂಸ್ಕೃತ ಕತೆಯಲ್ಲಿ ಆರಾಮಾಗಿ ಮಂತ್ರಿಯಾಗಿ ಉಳಿಯುತ್ತಾನೆ.

ಅರಬಿ_ಮೇಷ್ಟ್ರು:
ಅಲ್ಲೇ ಸ್ವಾರಸ್ಯ ಇರುವುದು ಭಟ್ಟರೇ. ಅರಬಿಯಲ್ಲಿ ಒಂದು ಅಧ್ಯಾಯ ಹೆಚ್ಚಿದೆ. ದಿಮ್ನಾನ (ದಮನಕನ) ವಿಚಾರಣೆ ನಡೆಯುತ್ತದೆ, ಸಾಕ್ಷಿ ಬರುತ್ತದೆ, ಶಿಕ್ಷೆಯಾಗುತ್ತದೆ. ಚಾಡಿಕೋರ ಸುಮ್ಮನೆ ಪಾರಾಗುವುದನ್ನು ಆ ಅನುವಾದಕನಿಗೆ ಸಹಿಸಲು ಆಗಲಿಲ್ಲ ಅಂತ ಕಾಣುತ್ತದೆ.

ಬಿಸಿಲೂರು_ಭಾಯ್:
ಅಷ್ಟು ದೂರ ಯಾಕ ಹೋಗ್ತೀರಿ, ನಮ್ಮಲ್ಲೇ ಅದ. ಸೂಫಿ ಸಂತ ಬಂದೇನವಾಜ್ ಗೇಸುದರಾಜ್ ದಿಲ್ಲಿ ಬಿಟ್ಟು ಮುಪ್ಪಿನಾಗ ಕಲಬುರಗಿಗಿ ಬಂದು 1422ರಾಗ ಇಲ್ಲೇ ಮಣ್ಣಾದವ್ರು. ಮುರೀದರು (ಶಿಷ್ಯರು) ಹೆಂಗ ನಡ್ಕೋಬೇಕು ಅಂತ ಸುಹ್ರವರ್ದಿಯವರ ಅರಬಿ ಪುಸ್ತಕಕ್ಕ ಪಾರಸಿಯೊಳಗ ಅರ್ಥ ಬರದು, ತಮ್ಮದೇ ಒಂದು ಕೊನೀ ಭಾಗಾನೂ ಸೇರಿಸ್ಯಾರ, 'ಖಾತಿಮಾ' ಅಂತ ಅದರ ಹೆಸರು. ಇದಕ್ಕಾದ್ರೂ ಆಧಾರ ಅದ ಏನ್ರೀ ಸನದು ಸಾಹೇಬ್ರೆ? 😏

ಸನದು_ಎಲ್ಲಿದೆ:
ಇದಕ್ಕಿದೆ 🙂

ಹಳೇ_ಪೋಸ್ಟ್‌ಮ್ಯಾನ್:
ಎಲ್ಲ ಗ್ರಂಥ ಆಯ್ತು. ಅಮ್ಮಾ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮನೆಮನೆಗೆ ಕಾಗದ ಹಂಚಿದವನು ನಾನು, ಯಾರ ಮನೆಯಲ್ಲಿ ಯಾವ ಲೋಟದಲ್ಲಿ ನೀರು ಬರುತ್ತೆ ಅಂತ ನೋಡಿದ್ದೀನಿ. ಆ ಅಕ್ಕನಿಗೆ ಟೀ ಯಾವ ಲೋಟದಲ್ಲಿ?

ಶಿವಮೊಗ್ಗದ_ಅಮ್ಮಿ:
ನಾವು ಕುಡಿಯುವ ಲೋಟದಲ್ಲೇ. ಕೂರುವುದು ಮಾತ್ರ ಅವರು ಅಡುಗೆಮನೆ ಬಾಗಿಲ ಹತ್ತಿರ ನೆಲದ ಮೇಲೆ. ಕುರ್ಚಿ ಮೇಲೆ ಕೂರಿ ಅಂದರೆ ಬೇಡ ಅಂತಾರೆ.

ಮನೆಯೊಳಗಿನವಳು:
ಅವರು ಮೇಲೆ ಕೂರದಿದ್ದರೆ ನೀವು ಕೆಳಗೆ ಕೂತು ಕುಡೀರಿ. ಮಗನೂ ಪಕ್ಕದಲ್ಲಿರಲಿ. ಅಡುಗೆ ಮಾಡಿ ತಂದ ಆಳನ್ನು ಜೊತೆಗೆ ಕೂರಿಸಿಕೊಳ್ಳಿ, ಆಗದಿದ್ದರೆ ಒಂದೆರಡು ತುತ್ತಾದರೂ ಕೊಡಿ, ಒಲೆಯ ಬಿಸಿ ಉಂಡವನು ಅವನು ಅಂತ ಪ್ರವಾದಿಯವರು ಹೇಳಿದ್ದಿದೆ.

ಬಂದರಿನ_ಬ್ಯಾರಿ:
ಕ್ಷಮೆ ಕೇಳಿಸಿದ್ದೀರಾ? ಇದು ಮುಖ್ಯ. ನಮಾಜು ತಪ್ಪಿದರೆ ಅಲ್ಲಾಹನಲ್ಲಿ ತೌಬಾ (ಪಶ್ಚಾತ್ತಾಪ) ಮಾಡಬಹುದು. ಮನುಷ್ಯರ ಹಕ್ಕು ಹಾಗಲ್ಲ. ಮುಫ್ಲಿಸ್ ಅಂದರೆ ಯಾರು ಅಂತ ಪ್ರವಾದಿಯವರು ಕೇಳಿದರು. ದುಡ್ಡಿಲ್ಲದವನು ಅಂದರು ಸಹಾಬಿಗಳು. ಅಲ್ಲ, ಕಿಯಾಮತ್ (ಅಂತಿಮ ತೀರ್ಪಿನ) ದಿನ ನಮಾಜು, ಉಪವಾಸ, ಝಕಾತ್ ಎಲ್ಲ ಹೊತ್ತು ಬರುತ್ತಾನೆ, ಆದರೆ ಒಬ್ಬನನ್ನು ಬೈದಿದ್ದಾನೆ, ಒಬ್ಬನಿಗೆ ಹೊಡೆದಿದ್ದಾನೆ, ಒಬ್ಬನದು ತಿಂದಿದ್ದಾನೆ. ಪುಣ್ಯವನ್ನೆಲ್ಲ ಅವರಿಗೆ ಹಂಚಿ, ಅದೂ ಸಾಲದೆ ಅವರ ಪಾಪ ಇವನ ತಲೆಗೆ. ಚಿಕ್ಕವನಿಗೆ ಪಾಪ ಬರೆಯುವುದಿಲ್ಲ, ಅದು ಬೇರೆ ಮಾತು. ಕೇಳುವ ಅಭ್ಯಾಸ ಮಾತ್ರ ಈಗಲೇ ಬರಲಿ.

ಶಿವಮೊಗ್ಗದ_ಅಮ್ಮಿ:
ಕೇಳಿಸಿದೆ. ಮುಖ ಊದಿಸಿಕೊಂಡೇ ಕೇಳಿದ. ಅಕ್ಕ ನಕ್ಕು, ಬಿಡಮ್ಮ ಮಗು ಅಂದರು. ಆ ನಗು ನನಗೆ ಇನ್ನೂ ಕಷ್ಟ ಆಯಿತು, ಎಷ್ಟು ಮನೆಯಲ್ಲಿ ಎಷ್ಟು ಕೇಳಿರಬೇಕು ಅವರು.

ಮದ್ರಸದ_ಮೂಲೆಯಿಂದ:
ನಾನು ಉಸ್ತಾದ್. ಇಷ್ಟು ಹೊತ್ತು ಓದಿದೆ, ಈಗ ನಾನೂ ಹೇಳ್ತೇನೆ. ಒಂದು ಕೋಣೆ, 40 ಮಕ್ಕಳು, ಶಾಲೆಗೆ ಮುಂಚೆ ಒಂದೂಕಾಲು ಗಂಟೆ. ಅದರಲ್ಲಿ ಕುರ್‌ಆನ್, ಫಿಕ್ಹ್ (ಧರ್ಮನಿಯಮ), ಅಖ್ಲಾಕ್ ಎಲ್ಲ ಆಗಬೇಕು. ಪಟ್ಟಿ ಬಾಯಿಪಾಠ ಮಾಡಿಸದೆ ಬೇರೆ ದಾರಿ ಏನು ಹೇಳಿ?

ಇನ್ನು ಗುಣ ನೋಡಿ ಕಲಿಯುತ್ತಾರೆ ಅಂತೀರಿ. ಮಕ್ಕಳು ನೋಡುವುದು ಏನು? ಕಮಿಟಿಯವರೊಬ್ಬರು, ನನಗಿಂತ 10 ವರ್ಷ ಸಣ್ಣವರು, ತರಗತಿ ನಡೆಯುವಾಗಲೇ ಬಾಗಿಲಲ್ಲಿ ನಿಂತು "ಏ ಉಸ್ತಾದೇ, ಫ್ಯಾನ್ ಯಾಕೆ ಎರಡೂ ಹಾಕಿದ್ದು?" ಅಂತ ಕೂಗುತ್ತಾರೆ. ಇಮಾಮ್ ಮಾಲಿಕರಿಗೆ ಅವರ ತಾಯಿ ಪೇಟ ಸುತ್ತಿ, ಗುರು ರಬೀಅರ ಬಳಿ ಹೋಗು, ವಿದ್ಯೆಗಿಂತ ಮೊದಲು ಅವರ ಅದಬ್ ಕಲಿ ಅಂತ ಕಳಿಸಿದರಂತೆ. ನಮ್ಮಲ್ಲಿ ಹಾಗೆ ಹೇಳಿ ಕಳಿಸಿದ ಅಮ್ಮನನ್ನು ನಾನು ಕಂಡಿಲ್ಲ, "ಉಸ್ತಾದ್ ಹೊಡೆದರೆ ಹೇಳು" ಅಂತ ಕಳಿಸುವವರೇ ಜಾಸ್ತಿ. (ನಾನು ಹೊಡೆಯುವುದಿಲ್ಲ.)

ಶಿವಮೊಗ್ಗದ_ಅಮ್ಮಿ:
ಉಸ್ತಾದರೇ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಸಮಯ ಇಲ್ಲದಿದ್ದರೆ ಪ್ರಶ್ನೆಪತ್ರಿಕೆಯನ್ನಾದರೂ ಬದಲಿಸಬಹುದಲ್ಲ? ಸೀನಿದರೆ ಏನನ್ನಬೇಕು ಅನ್ನುವ ಕಡೆ, ಈ ವಾರ ಯಾರಿಗೆ ಏನು ಸಹಾಯ ಮಾಡಿದೆ ಅಂತ ಕೇಳಿ.

ಮದ್ರಸದ_ಮೂಲೆಯಿಂದ:
ಕೇಳಿದ್ದೆ. 40 ಜನವೂ "ಅಜ್ಜಿಗೆ ರಸ್ತೆ ದಾಟಿಸಿದೆ" ಅಂತ ಬರೆದರು. ನಮ್ಮೂರಲ್ಲಿ ಇರುವುದೇ ಒಂದು ಮಣ್ಣಿನ ರಸ್ತೆ.

ದಮ್ಮಾಮ್_ಕನ್ನಡಿಗ:
😂😂 ಆ ಅಜ್ಜಿ ಇನ್ನೂ ದಾಟ್ತಾ ಇದ್ದಾರೋ ಏನೋ

ಮನೆಯೊಳಗಿನವಳು:
ಉಸ್ತಾದರೇ, ಸಂಬಳವಾದರೂ ಸಮಯಕ್ಕೆ ಕೊಡ್ತಾರಾ?

ಮದ್ರಸದ_ಮೂಲೆಯಿಂದ:
ಅದನ್ನು ಕೇಳಬೇಡಿ ಅಕ್ಕಾ.

ಬಂದರಿನ_ಬ್ಯಾರಿ:
ಕೂಲಿಯವನ ಬೆವರು ಆರುವ ಮೊದಲೇ ಕೂಲಿ ಕೊಡಿ ಅಂತ ಇಬ್ನು ಮಾಜದಲ್ಲಿ ಹದೀಸ್ ಉಂಟು. ಆ ಕಮಿಟಿಯವರಿಗೆ ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಸನದು ಸಾಹೇಬ್ರು ಈಗ ಬರ್ತಾರೆ ನೋಡಿ.

ಸನದು_ಎಲ್ಲಿದೆ:
ಅದರ ಸನದಿನಲ್ಲಿ ಒಂದಷ್ಟು ಮಾತಿದೆ. ಮೊದಲು ಉಸ್ತಾದರ ಸಂಬಳ ಕೊಡಲಿ, ಅದು ಆಮೇಲೆ ನೋಡೋಣ.